ಚೀನಾದ ಶೆನ್‌ಜೆನ್‌ಗೆ ಕೆಲಸಕ್ಕೆ ಹೋಗುತ್ತಿದ್ದೇನೆ, ಸಸ್ಯಾಹಾರಿ. ಊಟಕ್ಕೆ ಏನು ಗತಿ?

ಗತಿ ಚೆನ್ನಾಗಿಯೇ ಇದೆ, ಹೆದರಬೇಡಿ. ನಾನೂ ಅದೇ ಊರಲ್ಲಿ ಕೆಲಸ ಮಾಡಿದವನು, ಮೊಟ್ಟೆ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ.

ಸೊಪ್ಪು ತರಕಾರಿಗೆ ಅಲ್ಲಿ ಬರವೇ ಇಲ್ಲ. ತೊಂದರೆ ಏನಪ್ಪಾ ಅಂದರೆ, ಮಾಂಸ ಅವರಿಗೆ ಒಗ್ಗರಣೆ ಇದ್ದ ಹಾಗೆ. ಹುರಿದ ಬೀನ್ಸ್ ತರಿಸಿದರೆ ಮೇಲೆ ಹಂದಿ ಖೀಮಾ ಉದುರಿಸಿರುತ್ತಾರೆ, ಮಾಪೋ ತೋಫು ಅನ್ನುವ ಖಾರದ ಸೋಯಾ ಪನೀರ್ ಪಲ್ಯದಲ್ಲೂ ಸಾಮಾನ್ಯವಾಗಿ ಖೀಮಾ ಇರುತ್ತದೆ, ಬರೀ ಸೊಪ್ಪು ಅಂದುಕೊಂಡರೆ ಅದನ್ನು ಹಂದಿ ಕೊಬ್ಬಿನಲ್ಲಿ ಬಾಡಿಸಿರಬಹುದು, ಇಲ್ಲಾ ಚಿಪ್ಪುಜೀವಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಹಾಕಿರಬಹುದು. ಸುಮ್ನೆ 'ಮಾಂಸ ಬೇಡ' ಅಂದರೆ ಸಾಲದು. ಮೀನು, ಸೀಗಡಿ, ಮೂಳೆ ಸಾರು, ಕೊಬ್ಬು ಯಾವುದೂ ಬೇಡ ಅಂತ ಚೀನಿ ಲಿಪಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಟೊಮೆಟೊ-ಮೊಟ್ಟೆ, ವಿನೆಗರ್ ಹಾಕಿ ಹುರಿದ ಆಲೂಗಡ್ಡೆ ಎಳೆ, ಬೆಳ್ಳುಳ್ಳಿ ಹಾಕಿದ ಸೊಪ್ಪು ಎಲ್ಲಾ ಕಡೆ ಸಿಗುತ್ತವೆ. ಬೌದ್ಧ ಸಸ್ಯಾಹಾರಿ ಹೋಟೆಲುಗಳೂ ಇವೆ, ಆದರೆ ಬಹುತೇಕ ಕಡೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ.

ಆಫೀಸಿನವರ ಜೊತೆ ಊಟ ಅಂದರೆ ದುಂಡು ಮೇಜು, ನಡುವೆ ತಿರುಗುವ ಗಾಜು, ಎಲ್ಲಾ ತಟ್ಟೆಗಳೂ ಎಲ್ಲರಿಗೂ. ಕೂತ ತಕ್ಷಣ ಬಿಸಿ ಚಹಾದಲ್ಲಿ ಬಟ್ಟಲು, ಲೋಟ, ಚಾಪ್‌ಸ್ಟಿಕ್ ಎಲ್ಲಾ ತೊಳೆದು, ಆ ನೀರನ್ನು ನಡುವಿನ ದೊಡ್ಡ ಬೋಗುಣಿಗೆ ಸುರಿಯುತ್ತಾರೆ. ಶೆನ್‌ಜೆನ್ ಇರುವ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಡೆಯ ಪದ್ಧತಿ ಅದು, ನೀವೂ ಮಾಡಿ. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಲ್ಲಿ ಮೇಜು ತಟ್ಟಿ, ಥ್ಯಾಂಕ್ಸ್ ಹೇಳಿದ ಹಾಗೆ. ಹಿರಿಯರ ಲೋಟಕ್ಕೆ ತಾಗಿಸುವಾಗ ನಿಮ್ಮ ಲೋಟದ ಅಂಚು ಸ್ವಲ್ಪ ಕೆಳಗಿರಲಿ. ಬೈಜಿಯು ಅಂದರೆ ಅವರ ಖಡಕ್ ಮದ್ಯ, ಅದನ್ನು ಕುಡಿಯೋಕೆ ಆಗದಿದ್ದರೆ ಮೊದಲೇ ಹೇಳಿ ಚಹಾ ಎತ್ತಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ನನ್ನ ಟೀಮಿನವರಂತೂ ಮಾಡಿಕೊಳ್ಳಲಿಲ್ಲ.

ಹಾಟ್‌ಪಾಟ್‌ಗೆ, ಅಂದರೆ ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟಕ್ಕೆ, ಕರೆದರೆ ಮಾತ್ರ ಹುಷಾರು. ಸಿಚುವಾನ್ ಕಡೆಯ ಆ ಕೆಂಪು ಸಾರಿಗೆ ದನದ ಕೊಬ್ಬು ಹಾಕುವುದೇ ಜಾಸ್ತಿ. ಒಬ್ಬೊಬ್ಬರಿಗೆ ಬೇರೆ ಬೇರೆ ಪಾತ್ರೆ ಇಡುವ ಅಂಗಡಿ ಹುಡುಕಿ, ಅಣಬೆ ಸಾರು ಹೇಳಿ, ಅದಕ್ಕೂ ಮೂಳೆ ಸಾರು ಬೆರೆಸಿಲ್ಲ ತಾನೇ ಅಂತ ಕೇಳಿ. ಅದ್ದಿಕೊಳ್ಳಲು ಎಳ್ಳಿನ ಸಾಸ್ ಇರುತ್ತದೆ, ಅದೊಂದಿದ್ದರೆ ನನಗೆ ಬೇರೇನೂ ಬೇಡ. ಅಲ್ಲಿ ನಾಲಿಗೆ ಜುಮ್ಮೆನಿಸುವ ಕಾಳು ಇದೆಯಲ್ಲ, ಅದು ನಮ್ಮ ಕರಾವಳಿಯ ಜುಮ್ಮನಕಾಯಿಯ ಬಳಗದ್ದೇ. ಆ ಕಡೆಯವರಾದರೆ ನಿಮಗೆ ಹೊಸದೇನಲ್ಲ.

ಇನ್ನೊಂದು. ತುಂಬಾ ಹೋಟೆಲುಗಳಲ್ಲಿ ಮೇಜಿನ ಮೇಲಿನ ಕ್ಯೂಆರ್ ಕೋಡ್‌ನಲ್ಲೇ ಆರ್ಡರ್, ಅಲ್ಲೇ ದುಡ್ಡು. ಅದಕ್ಕೆ ಬೇಕಾದ ವೀಚಾಟ್ ಅನ್ನುವ ಚಾಟ್ ಮತ್ತು ಪಾವತಿ ಆ್ಯಪ್ ನಮ್ಮಲ್ಲಿ 2020ರಿಂದ ನಿಷೇಧ ಅಲ್ವಾ, ಹಾಗಾಗಿ ಅಲ್ಲಿ ಇಳಿದ ಮೇಲೆ ಮೊದಲ ದಿನವೇ ಸಹೋದ್ಯೋಗಿ ಯಾರನ್ನಾದರೂ ಹಿಡಿದು ಹಾಕಿಸಿಕೊಳ್ಳಿ.