ಬೇಸಿಗೆಯ ಬಿಸಿಲಲ್ಲಿ ದೆವ್ವದ ಕಥೆಗೆ ವಸ್ತು ಎಲ್ಲಿ ಸಿಗುತ್ತದೆ?

ಕತ್ತಲೆ, ಮಳೆ, ಪಾಳು ಬಂಗಲೆ ಇಲ್ಲದೆ ಬೇಸಿಗೆಯ ಬಯಲಲ್ಲಿ ಓದುಗರನ್ನು ಹೆದರಿಸುವುದು ಹೇಗೆ ಅಂತ ಕೇಳಿದ್ದೀರಿ. ಆಗಾಗ ದೆವ್ವದ ಕಥೆ ಬರೆಯುವ ನನಗೆ ಬೇಸಿಗೆಯೇ ಒಳ್ಳೆ ಕಾಲ. ರಾತ್ರಿ ಕಾಣದ್ದಕ್ಕೆ ಹೆದರುತ್ತೇವೆ, ಬಿಸಿಲಲ್ಲಿ ಕಣ್ಣೆದುರು ಕಂಡದ್ದಕ್ಕೇ ಹೆದರಬೇಕು. ಬರೆಯೋದು ಸ್ವಲ್ಪ ಕಷ್ಟ, ಆದರೆ ಮಜಾ ಜಾಸ್ತಿ.

ಮಟಮಟ ಮಧ್ಯಾಹ್ನ ಹುಣಸೆ ಮರದ ಕೆಳಗೆ ಹೋಗಬೇಡ ಅಂತ ಬೈಸಿಕೊಳ್ಳದ ಹಳ್ಳಿ ಮಕ್ಕಳು ಕಡಿಮೆ. ಬಿಸಿಲಲ್ಲಿ ಅಲೆಯದಿರಲಿ ಅಂತ ದೊಡ್ಡವರು ಕಟ್ಟಿದ ಮಾತಿರಬಹುದು. ಇರಲಿ, ಆ ಹೊತ್ತಿಗೆ ಒಮ್ಮೆ ಹೊರಗೆ ನಿಂತು ನೋಡಿ. ನಾಯಿ ಬೊಗಳುವುದಿಲ್ಲ, ಕಾಗೆ ಕೂಗುವುದಿಲ್ಲ, ಬೀದಿ ಪೂರ್ತಿ ಬಾಗಿಲು ಹಾಕಿರುತ್ತದೆ. ಖಾಲಿ ಹೊಲದಲ್ಲಿ ಸುಳಿಗಾಳಿ ಎದ್ದು, ತರಗೆಲೆ ಎತ್ತಿಕೊಂಡು ನಿಮ್ಮ ಕಡೆಗೇ ಬಂದು, ಹಾಗೇ ಬಿದ್ದುಹೋಗುತ್ತದೆ. ಕಾದ ನೆಲದ ಮೇಲಿನ ಗಾಳಿ ಏರುವಾಗ ಸುತ್ತುತ್ತದೆ, ಕಾರಣ ಅಷ್ಟೇ. ಕಾರಣ ಗೊತ್ತಿದ್ದರೂ ಒಂದು ಹೆಜ್ಜೆ ಹಿಂದೆ ಇಡುತ್ತೀರಿ, ಅಲ್ವಾ?

ನನಗೆ ತುಂಬಾ ಇಷ್ಟವಾದ ವಸ್ತು ನೆರಳು. ಬೆಂಗಳೂರಿನಲ್ಲಿ ಪ್ರತಿ ವರ್ಷ ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12.17ರ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಉತ್ತರದ ಜಿಲ್ಲೆಗಳಿಗೆ ಈ ದಿನ ಮೇ ತಿಂಗಳಲ್ಲಿ ಬರುತ್ತದೆ. ದೆವ್ವಕ್ಕೆ ನೆರಳಿಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ತಿರುಗಿಸಿ. ಬೇಸಿಗೆ ಶಿಬಿರದ ಮಕ್ಕಳು ಮೈದಾನದಲ್ಲಿ ಕೋಲು ನೆಟ್ಟು ನಿಂತಿದ್ದಾರೆ. ಎಲ್ಲರ ನೆರಳೂ ಕಾಲಡಿ ಸೇರಿದೆ. ಹಿಂದಿನ ಸಾಲಿನ ಹುಡುಗನೊಬ್ಬನಿಗೆ ಮಾತ್ರ ಸಂಜೆ ಐದು ಗಂಟೆಯಷ್ಟು ಉದ್ದ ನೆರಳು. ಅವನು ಶಿಬಿರಕ್ಕೆ ಯಾವಾಗ ಸೇರಿದ ಅಂತ ಮೇಷ್ಟ್ರಿಗೆ ನೆನಪಾಗುತ್ತಿಲ್ಲ. ಈ ಎಳೆ ನೀವೇ ಇಟ್ಟುಕೊಳ್ಳಿ, ನಾನು ಬರೆದಿಲ್ಲ.

ಇನ್ನೊಂದು, ನೀರು ಇಳಿದ ಜಾಗ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಚರ್ಚ್ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗಿ, ಬೇಸಿಗೆಗೆ ಮೇಲೆ ಬರುತ್ತದೆ. ಅದರ ಫೋಟೋ ಎಲ್ಲರೂ ನೋಡಿದ್ದಾರೆ, ಅದಕ್ಕೇ ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಗೆ ಹೋಗಿ ಅನ್ನುತ್ತೇನೆ. ಅಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು, ಗದ್ದೆಗಳ ಜೊತೆ ಹಿರೇಭಾಸ್ಕರ ಅನ್ನುವ ಹಳೇ ಅಣೆಕಟ್ಟೂ ಮುಳುಗಿತು. ಒಂದು ಅಣೆಕಟ್ಟೇ ಇನ್ನೊಂದನ್ನು ನುಂಗಿದ್ದು! ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಅದು ಕಾಣುತ್ತದೆ. ಹಿನ್ನೀರಿನ ಅಂಚಲ್ಲಿ ಕೆಸರು ಒಣಗಿ, ಬಿರಿದು, ಹೆಂಚಿನ ಚೂರುಗಳ ಹಾಗೆ ಅಂಚು ಮಡಚಿಕೊಂಡಿರುತ್ತದೆ. ನಡುವೆ ಕಪ್ಪೆಚಿಪ್ಪು, ಕರಿ ಮರದ ಬೊಡ್ಡೆ. ಅಲ್ಲಿ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಂದ ಎದ್ದು ಹೋಗದೆ ಉಳಿದವರು ಯಾರಾದರೂ ಇದ್ದರೆ, ವರ್ಷಕ್ಕೊಮ್ಮೆ ಬಿಸಿಲು ಕಂಡಾಗ ಮೊದಲು ಏನು ಮಾಡುತ್ತಾರೆ? ಒಗೆದ ಬಟ್ಟೆ ಹರವುತ್ತಾರಾ? ನನಗಂತೂ ಬೊಡ್ಡೆ ಮೇಲೆ ಹರವಿದ ಒದ್ದೆ ಸೀರೆ ಕಿರುಚಾಟಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ಹೋದಾಗ ಮೊಬೈಲ್ ಒಳಗಿಟ್ಟು ವಾಸನೆ, ಸದ್ದು ಬರೆದುಕೊಳ್ಳಿ. ಫೋಟೋದಲ್ಲಿ ಅವು ಸಿಗುವುದಿಲ್ಲ. ಒಣಗಿದ ಹಾಗೆ ಕಾಣುವ ಕೆಸರಿನ ಮೇಲೆ ಮಾತ್ರ ಕಾಲಿಡಬೇಡಿ. ಮೇಲೆ ಗಟ್ಟಿ, ಒಳಗೆ ಮೊಣಕಾಲಿನವರೆಗೆ ಹೂತುಹೋಗುವಷ್ಟು ಹಸಿ ಇರುತ್ತದೆ. ಊರಿನವರನ್ನು ಕೇಳಿಕೊಂಡೇ ಇಳಿಯಿರಿ.