ನೇತ್ರಾಣಿಯ ಶಂಖ: ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿದಾಗ ತಳದಲ್ಲಿ ಕಂಡ ಖಾಲಿ ಶಂಖವೊಂದನ್ನು ಮಗಳಿಗೆಂದು ಎತ್ತಿಕೊಂಡಿರಿ, ತರಬೇತುದಾರರು ಅದನ್ನು ಅಲ್ಲೇ ಬಿಡಿಸಿದ್ದಲ್ಲದೆ ದೋಣಿಯಲ್ಲಿ ಎಲ್ಲರೆದುರು ಗದರಿದರು ಎಂದು ಬರೆದಿದ್ದೀರಿ. ಟ್ರಾಲ್ ಬೋಟುಗಳು ದಿನವೂ ಸಮುದ್ರದ ತಳವನ್ನೇ ಬಾಚುತ್ತಿರುವಾಗ, ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ಚಿಪ್ಪುಗಳ ರಾಶಿಯೇ ಮಾರಾಟಕ್ಕಿರುವಾಗ, ಜೀವವಿಲ್ಲದ ಒಂದು ಶಂಖಕ್ಕೆ ಇಷ್ಟು ರಾದ್ಧಾಂತವೇಕೆ ಎಂಬುದು ನಿಮ್ಮ ಪ್ರಶ್ನೆ. ಗದರುವ ಅಗತ್ಯವಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಬಿಡಿಸಿದ್ದು ಮಾತ್ರ ಸರಿ.

ನೀರಿನೊಳಗೆ, ಮಾಸ್ಕಿನ ಗಾಜಿನಾಚೆಯಿಂದ ನೋಡಿ ಶಂಖ ಖಾಲಿಯಿದೆ ಎಂದು ತೀರ್ಮಾನಿಸುವುದು ಸುಲಭವಲ್ಲ. ಸನ್ಯಾಸಿ ಏಡಿಯ ಹಿಂಭಾಗ ಮೆತ್ತಗಿರುತ್ತದೆ. ಅದರ ರಕ್ಷಣೆಗೆ ಸತ್ತ ಶಂಖದ ಚಿಪ್ಪೇ ಗತಿ. ಕೈ ತಾಗಿದ ಕೂಡಲೇ ಅದು ಒಳಸುರುಳಿಗೆ ಸರಿದು, ಇಕ್ಕುಳದಂಥ ಮುಂಗಾಲನ್ನು ಬಾಯಿಗೆ ಅಡ್ಡ ಹಿಡಿದು, ಅಪಾಯ ಕಳೆಯಿತೆನಿಸುವವರೆಗೆ ಅಲುಗಾಡದೆ ಕೂರುತ್ತದೆ. ಪ್ರವಾಸದಿಂದ ತಂದ ಶಂಖ ಬ್ಯಾಗಿನೊಳಗೇ ನಾರತೊಡಗುವುದು ಎಷ್ಟೋ ಸಲ ಇದರಿಂದಲೇ. ಕೆಲವೊಮ್ಮೆ ಒಳಗಿರುವುದು ಏಡಿಯಲ್ಲ, ಶಂಖದ ಸ್ವಂತ ಜೀವಿಯೇ. ಅದು ಶಂಕುವಿನಾಕಾರದ ಕೋನ್ ಜಾತಿಯದಾದರೆ ಅದರ ವಿಷದ ಮುಳ್ಳು ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲುದು.

ಶಂಖ ನಿಜಕ್ಕೂ ಖಾಲಿಯಿತ್ತು ಎಂದೇ ಇಟ್ಟುಕೊಳ್ಳೋಣ. ಏಡಿ ಬೆಳೆದಂತೆಲ್ಲ ಅದಕ್ಕೆ ಹಿಂದಿನದಕ್ಕಿಂತ ದೊಡ್ಡ ಚಿಪ್ಪು ಬೇಕಾಗುತ್ತದೆ. ಸರ್ಕಾರಿ ವಸತಿಗೃಹದಲ್ಲಿ ಹಿರಿಯ ಅಧಿಕಾರಿಯೊಬ್ಬರು ಮನೆ ಬಿಟ್ಟರೆ ಕೆಳಗಿನವರೆಲ್ಲ ಒಂದೊಂದು ಮನೆ ಮೇಲೇರುವಂತೆ, ಒಂದು ಒಳ್ಳೆಯ ಚಿಪ್ಪು ಸಿಕ್ಕಾಗ ಹಲವು ಏಡಿಗಳು ಸಾಲಾಗಿ ಮನೆ ಬದಲಿಸುವುದನ್ನು ಜೀವಶಾಸ್ತ್ರಜ್ಞರು ದಾಖಲಿಸಿದ್ದಾರೆ. ಅದೇ ಚಿಪ್ಪಿನಿಂದ ಆಕ್ಟೋಪಸ್ ತನ್ನ ಬಿಲದ ಬಾಯಿ ಮುಚ್ಚಿಕೊಳ್ಳುತ್ತದೆ, ಪುಟ್ಟ ಮೀನುಗಳು ಒಳಗೆ ಮೊಟ್ಟೆಯಿಡುತ್ತವೆ, ಹೊರಮೈಗೆ ಪಾಚಿ ಮತ್ತು ಸ್ಪಂಜುಗಳು ಹತ್ತಿಕೊಳ್ಳುತ್ತವೆ.

ಇನ್ನು ಟ್ರಾಲ್ ಬೋಟುಗಳ ಮಾತು. ಅವುಗಳಿಂದಾಗುವ ಹಾನಿಯೆದುರು ನಿಮ್ಮ ಶಂಖ ಲೆಕ್ಕಕ್ಕೇ ಬಾರದು, ನಿಜ. ಆದರೆ ಬಲೆ ಹರಿಯುವ ಭಯದಿಂದ ಟ್ರಾಲ್ ಬೋಟಿನವರು ಸಾಮಾನ್ಯವಾಗಿ ಬಂಡೆಗಳ ಮೇಲೆ ಬಲೆ ಎಳೆಯುವುದಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಡೈವಿಂಗ್ ದೋಣಿಗಳು ಲಂಗರು ಹಾಕುವುದು ಅಂಥ ಬಂಡೆಗಳ ಪಕ್ಕದಲ್ಲೇ. ಬಲೆಗೆ ಎಟುಕದೆ ಉಳಿದ ಜಾಗಕ್ಕೇ ನಮ್ಮ ಕೈ ಎಟುಕುತ್ತದೆ, ಅದೂ ಮಳೆಗಾಲ ಕಳೆದ ಮೇಲೆ ಇಡೀ ಸೀಸನ್ ಅವೇ ಕೆಲವು ತಾಣಗಳಲ್ಲಿ, ದೋಣಿಯ ಹಿಂದೆ ದೋಣಿಯಾಗಿ. ಸ್ಪೇನಿನ ಮೆಡಿಟರೇನಿಯನ್ ಕರಾವಳಿಯ ಒಂದು ಕಡಲತೀರದಲ್ಲಿ ಸುಮಾರು 30 ವರ್ಷಗಳ ಅಂತರದಲ್ಲಿ ಚಿಪ್ಪುಗಳನ್ನು ಎಣಿಸಿದಾಗ ಅವು 60 ಪ್ರತಿಶತಕ್ಕಿಂತ ಹೆಚ್ಚು ಇಳಿದಿದ್ದವು. ಆ ಅವಧಿಯಲ್ಲಿ ಪ್ರವಾಸಿಗರು ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚಿದ್ದರು. ತೀರ ಗುಡಿಸುವ ಯಂತ್ರಗಳ ಪಾಲೂ ಅದರಲ್ಲಿದ್ದೀತು. ಆದರೂ ಅಲ್ಲಿಗೆ ಬಂದವರು ಒಬ್ಬೊಬ್ಬರಾಗಿ ಒಯ್ದದ್ದು ಕೊಂಚವೇ ಇದ್ದೀತು.

ಅಂಗಡಿಯ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅಲ್ಲಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. ಕವಡೆಗೆ ಆ ಹೊಳಪು ಬರುವುದು ಜೀವಂತ ಪ್ರಾಣಿ ತನ್ನ ಮೈಯ ಪದರವನ್ನು ಚಿಪ್ಪಿನ ಮೇಲೆ ಹೊದ್ದುಕೊಂಡಿರುವುದರಿಂದ. ತಾನಾಗಿ ಸತ್ತು ಮರಳಿನಲ್ಲಿ ಉರುಳಾಡಿದ ಕವಡೆ ಬೇಗ ಮಂಕಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಥಳಥಳಿಸುವ ಕವಡೆಯನ್ನು ಬಹುಪಾಲು ಜೀವವಿರುವಾಗಲೇ ಎತ್ತಿರುತ್ತಾರೆ. ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನನ್ನು ಬೇಟೆಯಾಡುವ ಟ್ರೈಟನ್ ಶಂಖವೂ ಅಲಂಕಾರದ ಸಾಮಾನಾಗಿ ಬಿಕರಿಯಾಗಿದೆ. ಟ್ರೈಟನ್, ನಾಟಿಲಸ್, ಕೊಂಬಿನ ಹೆಲ್ಮೆಟ್ ಶಂಖಗಳನ್ನು, ಕಡಲ್ಗುದುರೆಯನ್ನು ಮತ್ತು ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಿಗೆ ಸೇರಿಸಲಾಗಿದೆ. ಎಲ್ಲ ಚಿಪ್ಪುಗಳೂ ಆ ಪಟ್ಟಿಯಲ್ಲಿಲ್ಲ. ದೇವರ ಮನೆಯ ಶಂಖದ ಬಗ್ಗೆ ನೀವು ಚುಚ್ಚಿ ಕೇಳಿದ್ದೀರಿ. ಆ ಜಾತಿ ಪಟ್ಟಿಗೆ ಸೇರಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿ ಕಡೆಯ ಮುಳುಗುಗಾರರು ತಲೆಮಾರುಗಳಿಂದ ಅದನ್ನು ಎತ್ತುತ್ತ ಬಂದಿದ್ದಾರೆ, ಎಳೆಯ ಶಂಖಗಳನ್ನು ಮರಳಿ ನೀರಿಗೆ ಬಿಡಬೇಕೆಂಬ ಕಟ್ಟಳೆಯೂ ಅಲ್ಲಿದೆ. ಹೊಟ್ಟೆಪಾಡಿಗೆ, ಕಟ್ಟಳೆಗೊಳಪಟ್ಟು ಎತ್ತುವುದನ್ನೂ ಶೋಕೇಸಿಗೆಂದು ಎತ್ತುವುದನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಅಂಡಮಾನಿನ ಹ್ಯಾವ್ಲಾಕ್‌ನಿಂದ (ಈಗಿನ ಸ್ವರಾಜ್ ದ್ವೀಪ) ಹಿಂದೊಮ್ಮೆ ತಂದ ಹವಳದ ತುಂಡನ್ನು ಮಲ್ಪೆಯಲ್ಲಿ ಸಮುದ್ರಕ್ಕೆ ಹಾಕಿಬಿಡಲೇ ಎಂದೂ ಕೇಳಿದ್ದೀರಿ. ಬೇಡ, ಒಣಗಿದ ಹವಳಕ್ಕೆ ಅದರಿಂದ ಮರುಜೀವ ಬರುವುದಿಲ್ಲ. ಮಾರಬೇಡಿ, ಯಾರಿಗೂ ಕೊಡಲೂ ಬೇಡಿ. ಸಂರಕ್ಷಿತ ಹವಳವನ್ನು ಮನೆಯಲ್ಲಿಟ್ಟುಕೊಳ್ಳುವುದೂ ಕಾನೂನಿನ ತೊಡಕಾಗಬಹುದಾದ್ದರಿಂದ, ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗಕ್ಕೆ ಅದು ಎಲ್ಲಿಂದ, ಯಾವಾಗ ಬಂತು ಎಂಬುದನ್ನು ಬರೆದು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ.

— ಸಂಪಾದಕ