ಸ್ಪ್ರೇ ಫಲ ಕೊಟ್ಟಿದೆಯೇ ಎಂದು ಸ್ಕ್ಯಾನ್ ಹೇಳಬಲ್ಲದೇ?

ಕಾಂಗ್ರೆಸ್ ಗಿಡದ ಪರಾಗದಿಂದ ಬರುವ ಮೂಗಿನ ಅಲರ್ಜಿಗೆ ಒಂದು ತಿಂಗಳಿನಿಂದ ಸ್ಟೀರಾಯ್ಡ್ ಸ್ಪ್ರೇ ಬಳಸುತ್ತಿರುವ ನೀವು, ಅದರ ಪರಿಣಾಮ ತಿಳಿಯಲು ಸಿ.ಟಿ. ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ಆ ಒಂದೇ ಉದ್ದೇಶಕ್ಕಾದರೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೂಗಿನ ಎರಡೂ ಬದಿಯ ಒಳಪದರವು ಆರೋಗ್ಯವಂತರಲ್ಲಿಯೂ ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಊದಿಕೊಂಡು ಇಳಿಯುತ್ತದೆ. 1895ರಲ್ಲಿ ಜರ್ಮನ್ ವೈದ್ಯ ಕೈಸರ್ ವಿವರಿಸಿದ ಈ ಚಕ್ರದಿಂದಾಗಿ, ಬೆಳಿಗ್ಗೆಯ ಚಿತ್ರದಲ್ಲಿ ಮುಚ್ಚಿದಂತೆ ಕಾಣುವ ಬಲ ಹೊಳ್ಳೆಯು ಸಂಜೆಯ ಚಿತ್ರದಲ್ಲಿ ಯಾವ ಔಷಧವೂ ಇಲ್ಲದೆ ತೆರೆದಿರಬಹುದು. ವಿಕಿರಣವಿಲ್ಲದ ಎಂ.ಆರ್.ಐ.ನಿಂದ ಎರಡೂ ಬದಿಗಳ ಊತವನ್ನು ಕೂಡಿಸಿ ಅಳೆಯಲು ಸಾಧ್ಯವಿದೆಯಾದರೂ, ತುರಿಕೆಯಾಗಲಿ ಸೀನಾಗಲಿ ಯಾವ ಚಿತ್ರದಲ್ಲಿಯೂ ಮೂಡುವುದಿಲ್ಲ. ಆದ್ದರಿಂದಲೇ ಔಷಧ ಪರೀಕ್ಷೆಗಳಲ್ಲಿ ಮೂಗು ಕಟ್ಟುವುದು, ಸೋರುವುದು, ತುರಿಕೆ, ಸೀನು ಇವಕ್ಕೆ ತಲಾ 0ಯಿಂದ 3ರವರೆಗೆ ಅಂಕ ನೀಡಿ, ಒಟ್ಟು 12ಕ್ಕೆ ಎಷ್ಟೆಂದು ರೋಗಿಯೇ ದಿನವೂ ಬರೆದಿಡುವ ಕ್ರಮವಿದೆ. ನೀವೂ ಇಂದಿನಿಂದಲೇ ಹಾಗೆ ಬರೆಯಿರಿ. ಅಲರ್ಜಿ ಮಾತ್ರೆಗಳ ತೂಕಡಿಕೆಯ ವಿಷಯದಲ್ಲಿ ಮಾತ್ರ ಚಿತ್ರಣ ನಿಜಕ್ಕೂ ನೆರವಾಗಿದೆ: ಫೆಕ್ಸೊಫೆನಡಿನ್ ಎಂಬ ಮಾತ್ರೆಯು, ನಮ್ಮನ್ನು ಎಚ್ಚರವಾಗಿಡಲು ನೆರವಾಗುವ ಮಿದುಳಿನ ಹಿಸ್ಟಮಿನ್ ಗ್ರಾಹಕಗಳನ್ನು ಬಹುತೇಕ ಮುಟ್ಟುವುದಿಲ್ಲ, ಹಾಗಾಗಿ ತೂಕಡಿಕೆ ತರುವುದು ಕಡಿಮೆಯೆಂದು ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಔಷಧವು ಮಿದುಳಿನ ಗ್ರಾಹಕಗಳಿಗೆ ಎಷ್ಟು ಅಂಟಿಕೊಳ್ಳುತ್ತದೆಂದು ತೋರಿಸಬಲ್ಲ ಪೆಟ್ ಸ್ಕ್ಯಾನ್ ಮೂಲಕ ತೋರಿಸಿದ್ದಾರೆ. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ರಕ್ತ ಬರುವುದು ಅಥವಾ ವಾಸನೆಯೇ ತಿಳಿಯದಿರುವುದು ಕಂಡುಬಂದರೆ, ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ, ಆಗ ಸಿ.ಟಿ. ಬೇಕೇ ಎಂಬುದನ್ನು ಅವರೇ ನಿರ್ಧರಿಸುತ್ತಾರೆ.